ಬೋನಸ್ಸಿನ ಬೆಲೆಯನ್ನು ತೆರುವವರು ಯಾರು?

ಮನೆ, ನಿವೇಶನಗಳ ಕ್ರಯವಿಕ್ರಯದಲ್ಲಿ ಮಧ್ಯವರ್ತಿಯಾಗಿ ದುಡಿಯುವುದು ನಿಂದ್ಯವಾದ ವೃತ್ತಿಯೇನೂ ಅಲ್ಲ. ಕೊಳ್ಳುವವನಿಗೆ ಜಾಗ ತಿಳಿಯದು, ಮಾರುವವನಿಗೆ ಗಿರಾಕಿ ತಿಳಿಯದು. ಇಬ್ಬರನ್ನೂ ಬಲ್ಲವನು ತನ್ನ ಶ್ರಮಕ್ಕೆ ತಕ್ಕ ಕಮಿಷನ್ ಪಡೆಯುವುದು ನ್ಯಾಯವೇ ಆಗಿದೆ. ನಮ್ಮ ಮನೆಗಳ ತರುಣರೂ ಈ ವೃತ್ತಿಯಲ್ಲಿದ್ದಾರೆ. ಆದರೆ ಬೆಂಗಳೂರಿನ ಸುತ್ತಲಿನ ಬಡಾವಣೆಗಳ ವ್ಯವಹಾರದಲ್ಲಿ, ಕೊಳ್ಳುವವರ ಕಣ್ಣಿಗೆ ಎಂದೂ ಬೀಳದ, ಮಧ್ಯವರ್ತಿಗಳಿಗೆ ಮಾತ್ರ ತಲುಪುವ ಜಾಹೀರಾತೊಂದು ಉಂಟು. ಶೇಕಡಾ ಆರರವರೆಗೆ ಕಮಿಷನ್, ಐದು ಬುಕಿಂಗಿಗೆ ಚಿನ್ನದ ನಾಣ್ಯ, ಹತ್ತಕ್ಕೆ ವಿದೇಶ ಪ್ರವಾಸ, ಇದೆಲ್ಲವೂ ಈ ತಿಂಗಳಿಗೆ ಮಾತ್ರ ಎಂಬುದು ಅದರ ಧಾಟಿ. ನಮ್ಮ ಆಕ್ಷೇಪವಿರುವುದು ಈ ಜಾಹೀರಾತಿನ ಮೇಲೆ.

ಮೊದಲು ಲೆಕ್ಕವನ್ನೇ ನೋಡೋಣ. 1,200 ಚದರ ಅಡಿಯ ನಿವೇಶನವೊಂದಕ್ಕೆ 60 ಲಕ್ಷ ರೂಪಾಯಿ ಬೆಲೆಯೆಂದು ಇಟ್ಟುಕೊಳ್ಳೋಣ. ತಿಂಗಳಲ್ಲಿ ಎರಡರವರೆಗೆ ಮಾರಿದವನಿಗೆ ಶೇ. 2, ಮೂರು ಅಥವಾ ನಾಲ್ಕು ಮಾರಿದವನಿಗೆ ಎಲ್ಲದರ ಮೇಲೂ ಶೇ. 3, ಐದನ್ನು ಮುಟ್ಟಿದವನಿಗೆ ಎಲ್ಲದರ ಮೇಲೂ ಶೇ. 6 ಎಂಬುದು ಕರಾರು. ನಾಲ್ಕು ಮಾರಿದವನಿಗೆ 2 ಕೋಟಿ 40 ಲಕ್ಷದ ಮೇಲೆ 7 ಲಕ್ಷ 20 ಸಾವಿರ ದೊರೆಯುತ್ತದೆ. ಐದು ಮಾರಿದವನಿಗೆ 3 ಕೋಟಿಯ ಮೇಲೆ 18 ಲಕ್ಷ. ಅಂದರೆ, ಸಾಮಾನ್ಯವಾಗಿ 1 ಲಕ್ಷ 20 ಸಾವಿರ ತರಬೇಕಾದ ನಿವೇಶನವು, ಐದನೆಯದಾಗಿ ಬಂದಾಗ 10 ಲಕ್ಷ 80 ಸಾವಿರ ತರುತ್ತದೆ. ತಿಂಗಳ ಇಪ್ಪತ್ತೆಂಟನೆಯ ತಾರೀಖು, ನಾಲ್ಕು ಮಾರಾಟ ಮುಗಿದಿದೆ, ಎದುರಿಗೆ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಭವಿಷ್ಯನಿಧಿಯ ಹಣವನ್ನು ಹಿಡಿದು ಕುಳಿತಿದ್ದಾರೆ. ‘ಈ ಜಾಗ ನನಗೆ ಸರಿಹೋದೀತೇನಪ್ಪಾ?’ ಎಂದು ಅವರು ಕೇಳಿದರೆ, ಹತ್ತು ಲಕ್ಷದ ಭಾರ ಹೊತ್ತ ನಾಲಗೆ ನೆಟ್ಟಗೆ ಉತ್ತರಿಸಬಲ್ಲುದೆ?

ಇನ್ನು ಆ ‘ವರೆಗೆ’ ಎಂಬ ಪದವನ್ನು ಗಮನಿಸಬೇಕು. ಆರು ಎಂಬ ಅಂಕಿ ದಪ್ಪಕ್ಷರದಲ್ಲಿರುತ್ತದೆ, ‘ವರೆಗೆ’ ಎಂಬುದು ಸಣ್ಣಕ್ಷರದಲ್ಲಿ. ಷರತ್ತುಗಳು ಕಾಗದದಲ್ಲಿ ಇರುವುದೇ ಇಲ್ಲ. ಬುಕಿಂಗ್ ಆದರೆ ಸಾಲದು, ನೋಂದಣಿಯಾಗಬೇಕು. ಗಿರಾಕಿಯು ಹಣದ ಇಂತಿಷ್ಟು ಭಾಗವನ್ನು ಕಟ್ಟಿರಬೇಕು. ಐವರಲ್ಲಿ ಒಬ್ಬನು ಹಿಂದೆ ಸರಿದರೆ ಉಳಿದ ನಾಲ್ಕರ ಬೋನಸ್ಸೂ ರದ್ದು. ಆ ಗಿರಾಕಿಯ ಹೆಸರು ಮೊದಲೇ ಬೇರೊಬ್ಬ ಏಜೆಂಟನ ಪಟ್ಟಿಯಲ್ಲಿತ್ತೆಂದು ಹೇಳಿದರೆ ಇವನಿಗೆ ಏನೂ ಇಲ್ಲ. ಇವೆಲ್ಲ ತಿಳಿಯುವುದು ಹಣ ಕೇಳಲು ಹೋದ ದಿನ. ಚಿನ್ನದ ನಾಣ್ಯ, ಪ್ರವಾಸಗಳಂಥ ಉಡುಗೊರೆಯ ಮೌಲ್ಯ ವರ್ಷದಲ್ಲಿ 20,000 ರೂಪಾಯಿಯನ್ನು ಮೀರಿದರೆ ಅದರ ಮೇಲೂ ತೆರಿಗೆ ಕಡಿತವಾಗಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತೆಂಬುದನ್ನು ಆ ಕಾಗದ ಹೇಳುವುದಿಲ್ಲ. ಹೀಗೆ ಪೆಟ್ರೋಲನ್ನೂ ಕಾಲವನ್ನೂ ಕೈಯಿಂದ ಸುರಿದ ತರುಣನೇ ಮೊದಲು ವಂಚಿತನಾಗುತ್ತಾನೆ. ಆ ನಷ್ಟವನ್ನು ತುಂಬಿಕೊಳ್ಳಲು ಅವನು ಮುಂದಿನ ಗಿರಾಕಿಯನ್ನು ವಂಚಿಸಲು ಕಲಿಯುತ್ತಾನೆ.

‘ಇದು ಬಡಾವಣೆ ಮಾಡಿದವನಿಗೂ ಏಜೆಂಟನಿಗೂ ಸೇರಿದ ಮಾತು, ಕೊಳ್ಳುವವನಿಗೇನು ನಷ್ಟ?’ ಎಂದು ವಾದಿಸುವವರುಂಟು. ಈ ವಾದ ನಿಲ್ಲದು. ಬೋನಸ್ಸಿನ ಹಣ ಆಕಾಶದಿಂದ ಉದುರುವುದಿಲ್ಲ. ಕೊಳ್ಳುವವನು ಕೊಟ್ಟ ಬೆಲೆಯೊಳಗಿನಿಂದಲೇ ಅದು ಬರಬೇಕು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ತನ್ನ ಹಿತೈಷಿಯ ಸಲಹೆಯೆಂದು ಅವನು ಯಾವುದನ್ನು ನಂಬಿದನೋ ಅದು ಮೊದಲೇ ಮಾರಾಟವಾಗಿತ್ತು.

ಕಾನೂನು ಈ ಬಗ್ಗೆ ಮೌನವಾಗಿಲ್ಲ. ರೇರಾ ಎಂದು ಪ್ರಸಿದ್ಧವಾದ 2016ರ ಕಾಯ್ದೆಯ 9ನೆಯ ಪ್ರಕರಣವು ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿದೆ. 10ನೆಯ ಪ್ರಕರಣವು ತನ್ನ ಸೇವೆಯ ವಿಷಯದಲ್ಲಿ ತಪ್ಪುದಾರಿಗೆಳೆಯುವ ಮಾತನ್ನಾಡುವುದನ್ನು ನಿಷೇಧಿಸಿ, ಬುಕಿಂಗ್ ವೇಳೆಯಲ್ಲಿ ಗಿರಾಕಿಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳನ್ನು ಒದಗಿಸಲು ನೆರವಾಗಬೇಕೆಂದು ವಿಧಿಸಿದೆ. ಉಲ್ಲಂಘಿಸಿದವನಿಗೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ. 5ರವರೆಗೂ ದಂಡ ಬೀಳಬಹುದು. ಆದರೆ ಕಮಿಷನ್ನಿನ ದರವನ್ನು ಈ ಪ್ರಕರಣಗಳು ಗೊತ್ತುಪಡಿಸಿಲ್ಲ. ಕಾನೂನು ತಲುಪದ ಆ ಎಡೆಯಲ್ಲಿ ಮನುಷ್ಯನ ವ್ರತವೇ ಕಾವಲಿರಬೇಕು.

ಶ್ರಾವಕನಿಗೆ ಈ ಕಾವಲು ಹೊಸತೇನಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಸೇರಿವೆ. ತನಗೆ ಲಾಭವೆಂದು ಪರರಿಗೆ ಸಲ್ಲದ ಸಲಹೆ ಕೊಡುವುದು ಮೊದಲನೆಯದು. ಓದಿದವನು ಮೋಸಹೋಗುವಂತೆ ಬರೆಯುವುದು ಎರಡನೆಯದು. ಏಜೆಂಟನ ಮಾತು ಒಂದರಲ್ಲಿ, ಬೋನಸ್ಸಿನ ಕರಪತ್ರ ಇನ್ನೊಂದರಲ್ಲಿ ಬೀಳುತ್ತದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವಾಗ ಹಿರಿಯರು ಮೊದಲು ಎಣಿಸಿದ್ದು ಕ್ಷೇತ್ರ-ವಾಸ್ತುಗಳನ್ನು, ಅಂದರೆ ಭೂಮಿಯನ್ನೂ ಮನೆಯನ್ನೂ. ಮನುಷ್ಯನ ಆಸೆ ಮೊದಲು ಎಲ್ಲಿ ಮಿತಿ ಮೀರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ಬಸದಿಗಳ ಮತ್ತು ಟ್ರಸ್ಟುಗಳ ವ್ಯವಸ್ಥಾಪಕರಿಗೂ ಒಂದು ನಿಷ್ಠುರದ ಮಾತನ್ನು ಹೇಳಲೇಬೇಕಾಗಿದೆ. ಟ್ರಸ್ಟಿನ ಜಾಗವನ್ನು ಮಾರುವಾಗ ಅಥವಾ ಯಾತ್ರಿನಿವಾಸಕ್ಕೆ ಭೂಮಿ ಕೊಳ್ಳುವಾಗ ಮಧ್ಯವರ್ತಿ ಯಾರಿಂದ, ಎಷ್ಟು ಪಡೆಯುತ್ತಾನೆಂಬುದನ್ನು ಬರಹದಲ್ಲಿ ಕೇಳಿ, ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಎರಡೂ ಕಡೆ ಪಡೆಯುವವನಾದರೆ ಎರಡನ್ನೂ ಬರೆಯಬೇಕು. ‘ನಮ್ಮವನೇ, ಕೇಳುವುದು ಹೇಗೆ?’ ಎಂಬ ಸಂಕೋಚವನ್ನು ನಮ್ಮ ಸ್ವಂತ ಹಣದಲ್ಲಿ ತೋರಬಹುದು. ದೇವದ್ರವ್ಯದಲ್ಲಿ ತೋರುವ ಅಧಿಕಾರ ಯಾರಿಗೂ ಇಲ್ಲ. ಹೀಗೆ ಸಂಪಾದಿಸಿದ ಹಣದ ಒಂದು ಪಾಲು ದಾನರೂಪದಲ್ಲಿ ಬಂದಾಗ ದಾತೃವಿನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಮುನ್ನ, ನಿವೇಶನ ಕೈಗೆ ಬಾರದೆ ಅಲೆಯುತ್ತಿರುವ ಮನೆಯವರು ಅದೇ ಬಸದಿಗೆ ದರ್ಶನಕ್ಕೆ ಬರಬಹುದೆಂಬುದನ್ನು ನೆನೆಯಬೇಕು. ಅವರು ಆ ಕಲ್ಲನ್ನು ಓದಿದರೆ ಏನೆಂದುಕೊಂಡಾರು?

ಪರಿಹಾರ ಕಷ್ಟವಲ್ಲ. ಕೊಳ್ಳುವವರು ಮುಂಗಡ ಕೊಡುವ ಮೊದಲು, ‘ಇದನ್ನು ಮಾರಿದರೆ ನಿಮಗೆ ಎಷ್ಟು ಬರುತ್ತದೆ? ಇಂದೇ ಮಾರಿದರೆ ಹೆಚ್ಚು ಬರುತ್ತದೆಯೇ?’ ಎಂದು ನೇರವಾಗಿ ಕೇಳಲಿ. ಪ್ರಾಮಾಣಿಕನಿಗೆ ಈ ಪ್ರಶ್ನೆಯಿಂದ ಅವಮಾನವಾಗದು. ವೃತ್ತಿಯಲ್ಲಿರುವ ತರುಣರು ಬೋನಸ್ಸಿನ ಸಮಸ್ತ ಷರತ್ತುಗಳನ್ನು ಸಹಿಯೊಡನೆ ಪಡೆಯದೆ ಒಬ್ಬ ಗಿರಾಕಿಯನ್ನೂ ಕರೆದೊಯ್ಯದಿರಲಿ. ಪಡೆದದ್ದನ್ನು ಗಿರಾಕಿಯಿಂದ ಮರೆಮಾಡದಿರಲಿ. ಹೀಗೆ ಮಾಡಿದರೆ ಕೆಲವು ಮಾರಾಟಗಳು ಕೈತಪ್ಪುವುದು ನಿಶ್ಚಯ. ಗಿರಾಕಿಗೆ ಹೇಳಲು ನಾಚಿಕೆಯಾಗುವ ಗಳಿಕೆಯಾದರೆ ಅದು ಕೈತಪ್ಪಿದ್ದೇ ಲೇಸು.