ಎರೆ ಹೊಲದ ಒತ್ತಡಕ್ಕೆ ಧೈರ್ಯದ ಮಾತಷ್ಟೇ ಮದ್ದಲ್ಲ

ಯಲಬುರ್ಗಾದ ಎರೆ ಹೊಲಗಳು ಬಹುಪಾಲು ಮಳೆಯನ್ನೇ ನಂಬಿವೆ. ಮುಂಗಾರು ಕೈಕೊಟ್ಟಾಗ ರೈತನಿಗೆ ಪುಕ್ಕಟೆಯಾಗಿ ಸಿಗುವುದು ‘ಧೈರ್ಯ ಇರಲಿ’ ಎಂಬ ಸಲಹೆ. ಆದರೆ ಒತ್ತಡವೆಂದರೆ ಪುಕ್ಕಲುತನವಲ್ಲ, ಅದು ದೇಹದ ಕೆಲಸ. ಅಪಾಯ ಕಂಡೊಡನೆ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ, ಅಡ್ರಿನಲಿನ್ ಹರಿದು ಎದೆಬಡಿತ, ರಕ್ತದೊತ್ತಡ ಏರುತ್ತವೆ. ಕೆಲ ನಿಮಿಷಗಳಲ್ಲಿ ಕಾರ್ಟಿಸಾಲ್ ಹೆಚ್ಚಿ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಎದುರಿಗಿರುವುದು ಹಾವಾದರೆ ಇದು ಜೀವ ಉಳಿಸುವ ಏರ್ಪಾಡು. ಹಾವು ಸರಿದ ಮೇಲೆ ವೇಗಸ್ ನರ ಹೃದಯವನ್ನು ತಣಿಸುತ್ತದೆ. ಸಾಲದ ಕಂತು ಹಾಗೆ ಸರಿದು ಹೋಗುವುದಿಲ್ಲ. ಇದೇ ಸ್ಥಿತಿ ತಿಂಗಳುಗಟ್ಟಲೆ ಉಳಿದರೆ ನಿದ್ದೆ ಕೆಡುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ.

ಅಜ್ಜಂದಿರು ಬರ ಕಂಡಿರಲಿಲ್ಲವೇ ಎನ್ನುವವರಿದ್ದಾರೆ. ಕಂಡಿದ್ದರು, ಅವರ ರಕ್ತದೊತ್ತಡ ಅಳೆಯುವವರು ಇರಲಿಲ್ಲ, ಅಷ್ಟೇ. ದುಡ್ಡಿಗೂ ತಲೆಗೂ ಏನು ನಂಟು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರು ಕಟಾವಿಗೆ ಮುಂಚೆ, ಕೈ ಖಾಲಿಯಿದ್ದಾಗ, ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಹಣ ಬಂದ ಮೇಲೆ ಅದೇ ಜನ ಸುಧಾರಿಸಿದರು. ಸಂಶೋಧಕರು ಒತ್ತಡವೊಂದನ್ನೇ ದೂರಲಿಲ್ಲ, ಹಣದ ಚಿಂತೆ ಗಮನವನ್ನೇ ನುಂಗುತ್ತದೆ ಎಂದರು. ಹಾಗಿದ್ದರೆ ಪರಿಹಾರ ತಡವಾಗುವುದು ಬರೀ ಕಡತದ ವಿಳಂಬವಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ನೆರವಿಗಾಗಿ 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬೇಕೇ ಬೇಕು, ಉಸಿರಾಟದ ಅಭ್ಯಾಸವೂ ಒಳ್ಳೆಯದೇ. ಆದರೆ ಬೆಳೆ ವಿಮೆ ಖಾತೆಗೆ ಬೀಳುವ ದಿನವನ್ನೂ ಆರೋಗ್ಯ ಇಲಾಖೆ ಕೇಳಿ ತಿಳಿಯಬೇಕು.