ಮಾಯಾದೀಪದ ಮುಂದೆ ಕುಳಿತ ನಗರ

ಪ್ಯಾರಿಸ್ಸಿನಲ್ಲಿ 1794ರ ಜುಲೈ ತಿಂಗಳಲ್ಲಿ ರೊಬೆಸ್ಪಿಯರನ ಶಿರಚ್ಛೇದದೊಡನೆ ಭಯದ ಆಳ್ವಿಕೆ ಕೊನೆಗೊಂಡಿತು. ಅದರ ನೆನಪು ಕೊನೆಗೊಳ್ಳಲಿಲ್ಲ. ಲೀಜ್ ಪಟ್ಟಣದ ರಾಬರ್ಟ್‌ಸನ್ ಎಂಬವನು 1798ರಲ್ಲಿ ಅಲ್ಲಿ ‘ಫ್ಯಾಂಟಸ್ಮಗೋರಿ’ ಎಂಬ ಪ್ರೇತದರ್ಶನವನ್ನು ಆರಂಭಿಸಿ, ಮರುವರ್ಷ ಅದನ್ನು ತೆರವಾಗಿದ್ದ ಕಪುಚಿನ್ ಸನ್ಯಾಸಿನಿಯರ ಮಠಕ್ಕೆ ಒಯ್ದನು. ಉಪಕರಣವಾದರೋ ಬಲು ಸರಳ: ಪರದೆಯ ಹಿಂದೆ ಗಾಲಿಗಳ ಮೇಲೊಂದು ಮಾಯಾದೀಪ. ಅದು ಪರದೆಯಿಂದ ದೂರ ಸರಿದಂತೆ ಬಿಂಬವು ಹಿಗ್ಗುತ್ತಿತ್ತು. ಕತ್ತಲೆಯಲ್ಲಿ ಕುಳಿತವರಿಗೆ ಪ್ರೇತವೇ ಮೈಮೇಲೆ ಎರಗಿದಂತೆ ತೋರುತ್ತಿತ್ತು. ಇದರಲ್ಲಿ ಮಂತ್ರವಿಲ್ಲ, ವಿಜ್ಞಾನವಷ್ಟೆ ಎಂದು ಆತನು ಮೊದಲೇ ಸಾರುತ್ತಿದ್ದನು. ಆದರೂ ಜನ ನಡುಗಿದರು.

ಈ ನಡುಕವನ್ನು ಕೇವಲ ಬೆಳಕಿನ ಚಮತ್ಕಾರವೆಂದು ತಳ್ಳಿಹಾಕುವುದು ಸಲ್ಲದು. ಮರಾ, ರೊಬೆಸ್ಪಿಯರರ ಮುಖಗಳು ಗಾಜಿನ ಮೇಲಿನ ಬಣ್ಣವೆಂದು ಬಲ್ಲವರೂ, ನೆರೆಯವನನ್ನು ವಧಾಸ್ಥಾನದ ಬಂಡಿಯಲ್ಲಿ ಒಯ್ಯುವಾಗ ತಾವು ಕದವಿಕ್ಕಿಕೊಂಡಿದ್ದುದನ್ನು ಮರೆಯುವುದು ಹೇಗೆ? ದೀಪವನ್ನು ತಂದವನು ರಾಬರ್ಟ್‌ಸನ್. ಪ್ರೇತಗಳನ್ನು ತಂದವರು ಪ್ರೇಕ್ಷಕರು. ಆಳುವವರಿಗೂ ಇದು ತಿಳಿಯದೆ ಇರಲಿಲ್ಲ. 1793ರಲ್ಲಿ ಶಿರಚ್ಛೇದಕ್ಕೊಳಗಾದ ಹದಿನಾರನೆಯ ಲೂಯಿಯನ್ನು ತೋರಿಸೆಂದು ಪ್ರೇಕ್ಷಕನೊಬ್ಬನು ಕೇಳಿದ ಮೇಲೆ ಪ್ರದರ್ಶನಕ್ಕೆ ಪೊಲೀಸರ ತಡೆ ಬಂದಿತು. ಆ ಅರಸನ ಮರಣಕ್ಕೆ ಮತವಿತ್ತವರು ಆಗಿನ್ನೂ ಅಧಿಕಾರಪೀಠದಲ್ಲಿದ್ದರು.