ಇಂಜೆಕ್ಷನ್ ಕೊಟ್ಟವರೆಲ್ಲ ಡಾಕ್ಟರಾ? ದವಾಖಾನೆಯಲ್ಲಿ ಯಾರ ಕೆಲಸ ಎಲ್ಲಿಯವರೆಗೆ?

ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತುಗಳು ಆಗಾಗ ಓಡಾಡುತ್ತವೆ. ಒಂದು, "ಹಳ್ಳಿಯ ಸರ್ಕಾರಿ ಉಪಕೇಂದ್ರದಲ್ಲಿ ಡಾಕ್ಟರೇ ಇರುವುದಿಲ್ಲ, ಸಿಸ್ಟರ್ ಮಾತ್ರೆ ಕೊಡುತ್ತಾರೆ, ಅಲ್ಲಿಗೆ ಹೋಗಬೇಡಿ." ಇನ್ನೊಂದು, "ಇಪ್ಪತ್ತು ವರ್ಷ ಅನುಭವ ಇರುವ ನಮ್ಮೂರ ಕಂಪೌಂಡರ್ ಯಾವ ಡಾಕ್ಟರಿಗೂ ಕಮ್ಮಿ ಇಲ್ಲ."

ಕೇಳಲು ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡರಲ್ಲೂ ಇರುವ ತಪ್ಪು ಒಂದೇ. ಎರಡೂ ಎದುರಿಗೆ ನಿಂತ ವ್ಯಕ್ತಿಯನ್ನಷ್ಟೇ ನೋಡುತ್ತವೆ, ಅವರ ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡುವುದಿಲ್ಲ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಕಬ್ಬಿನ ಹೊಲಗಳ ನಡುವಿನ ಹಳ್ಳಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಸಿಗುವವರು ಸಾಮಾನ್ಯವಾಗಿ ಎಂಬಿಬಿಎಸ್ ಡಾಕ್ಟರ್ ಅಲ್ಲ. ಆಶಾ ಕಾರ್ಯಕರ್ತೆ, ಸಿಸ್ಟರ್, ಔಷಧಿ ಅಂಗಡಿಯವರು ಅಥವಾ ಕಂಪೌಂಡರ್. ಹಾಗಾಗಿ ಇವರಲ್ಲಿ ಯಾರು ಏನು ಮಾಡಬಹುದು ಎಂದು ತಿಳಿದಿರುವುದು ಜೀವ ಉಳಿಸುವ ಮಾತು.

ತಂಡದಲ್ಲಿ ಯಾರ್‍ಯಾರಿದ್ದಾರೆ?

• ಆಶಾ ಕಾರ್ಯಕರ್ತೆ: 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. ಸುಮಾರು 1,000 ಜನರಿಗೆ ಒಬ್ಬರು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿ, ಮಗುವನ್ನು 42 ದಿನಗಳೊಳಗೆ 6 ಸಲ ಮನೆಗೇ ಬಂದು ನೋಡಬೇಕು. ಅವರ ಬಳಿ ಓಆರ್‌ಎಸ್, ಪ್ಯಾರಾಸಿಟಮಾಲ್, ಕಬ್ಬಿಣಾಂಶದ ಮಾತ್ರೆಯಂಥ ಕೆಲವು ಔಷಧಿಗಳಿರುತ್ತವೆ. ರೋಗ ಇಂಥದ್ದೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ.

• ಸಿಸ್ಟರ್: ಹಿಂದಿನ ಎಎನ್‌ಎಂ. ಕರ್ನಾಟಕದಲ್ಲಿ ಈಗಿನ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಲಸಿಕೆ, ಗರ್ಭಿಣಿಯರ ತಪಾಸಣೆ, ತಾಯಿ ಕಾರ್ಡ್ ಇವರ ಹೊಣೆ.

• ಸಮುದಾಯ ಆರೋಗ್ಯ ಅಧಿಕಾರಿ: 2018ರ ಆಯುಷ್ಮಾನ್ ಭಾರತ್ ಯೋಜನೆಯ ನಂತರ ಉಪಕೇಂದ್ರಗಳಿಗೆ ಬಂದವರು. ಹೆಚ್ಚಿನವರು ನರ್ಸಿಂಗ್ ಓದಿ, ಈ ಕೆಲಸಕ್ಕೆಂದೇ ತರಬೇತಿ ಪಡೆದವರು. 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಡಾಕ್ಟರ್ ಬರೆದ ಮಾತ್ರೆಗಳನ್ನು ತಿಂಗಳು ತಿಂಗಳು ಕೊಡುತ್ತಾರೆ. ಅನುಮಾನ ಬಂದರೆ ಇ-ಸಂಜೀವಿನಿ ಮೂಲಕ ವಿಡಿಯೊ ಕರೆಯಲ್ಲಿ ಡಾಕ್ಟರನ್ನು ಕೇಳುತ್ತಾರೆ.

• ಫಾರ್ಮಾಸಿಸ್ಟ್: ಡಾಕ್ಟರ್ ಚೀಟಿಯಂತೆ ಔಷಧಿ ಕೊಡುವವರು, 1948ರ ಫಾರ್ಮಸಿ ಕಾಯ್ದೆಯಡಿ ನೋಂದಣಿ ಕಡ್ಡಾಯ. ಆ್ಯಂಟಿಬಯೋಟಿಕ್ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ.

• ಕಂಪೌಂಡರ್: ಹಿಂದೆ ಡಾಕ್ಟರ್ ಬರೆದಂತೆ ಪುಡಿ, ಮಿಕ್ಸ್‌ಚರ್ ಕಲಸಿ ಕೊಡುತ್ತಿದ್ದವರು. ಈಗ ಖಾಸಗಿ ಕ್ಲಿನಿಕ್‌ಗಳಲ್ಲಿ ಚೀಟಿ ಮಾಡುವುದರಿಂದ ಹಿಡಿದು ತೂಕ, ಬಿಪಿ ನೋಡುವವರೆಗೆ ನೆರವಾಗುವವರನ್ನೂ ಹೀಗೇ ಕರೆಯುತ್ತಾರೆ.

ಅಂದರೆ ಉಪಕೇಂದ್ರದ ಸಿಸ್ಟರ್ ಮಾತ್ರೆ ಕೊಟ್ಟರೆ ಅದು ಅಕ್ರಮವಲ್ಲ, ಅವರಿಗೆ ವಹಿಸಿದ ಕೆಲಸ. ಮೊದಲ ಸಂದೇಶ ನಂಬಿ ಬಿಪಿ ಮಾತ್ರೆ ಬಿಟ್ಟವರಿಗೆ ಮುಂದೆ ಲಕ್ವ ಹೊಡೆಯುವ ಅಪಾಯ ಹೆಚ್ಚು.

ಅನುಭವ ಇದ್ದರೆ ಸಾಲದೇ?

ಕಂಪೌಂಡರನ್ನು ಜನ ನಂಬುವುದಕ್ಕೆ ಕಾರಣಗಳಿವೆ. ರಾತ್ರಿ ಬಾಗಿಲು ಬಡಿದರೂ ಏಳುತ್ತಾರೆ, ಉದ್ರಿ ಕೊಡುತ್ತಾರೆ, ಮನೆಯವರಂತೆ ಮಾತಾಡುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಆದರೆ ನೂರು ಸಲ ಸರಿಹೋದ ಇಂಜೆಕ್ಷನ್ ನೂರಾ ಒಂದನೆಯ ಸಲ ಯಾಕೆ ಕೊಡಬಾರದು ಎಂದು ಗುರುತಿಸಲು ಓದು ಮತ್ತು ಪರೀಕ್ಷೆ ಬೇಕು.

ಕಬ್ಬಿನ ಹೊಲದಲ್ಲಿ ಹಾವು ಕಚ್ಚಿತು ಎಂದುಕೊಳ್ಳಿ. ತಂಡ ಇದ್ದಾಗ ಆಶಾ ಅಥವಾ ಮನೆಯವರು 108ಕ್ಕೆ ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಸಿಬ್ಬಂದಿ ಉಸಿರು, ನಾಡಿ ನೋಡುತ್ತಾ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಡಾಕ್ಟರ್ ವಿಷನಿರೋಧಕ ಶುರು ಮಾಡುತ್ತಾರೆ. ಇದರಲ್ಲಿ ಹೆಚ್ಚಿನವರು ಡಾಕ್ಟರಲ್ಲ, ಆದರೂ ಜೀವ ಉಳಿಯುತ್ತದೆ. ತಂಡ ಇಲ್ಲದಾಗ ಒಂದು ನೋವಿನ ಇಂಜೆಕ್ಷನ್ ಚುಚ್ಚಿ "ಬೆಳಿಗ್ಗೆ ನೋಡೋಣ" ಎನ್ನುತ್ತಾರೆ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆಗ ಸ್ನಾಯುವಿಗೆ ಚುಚ್ಚಿದ ಜಾಗದಲ್ಲೇ ರಕ್ತ ಸೋರಬಹುದು. ಅದಕ್ಕಿಂತ ದೊಡ್ಡ ನಷ್ಟ ಕಳೆದುಹೋದ ಸಮಯ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಮಂಡಿನೋವಿಗೆ "ಒಂದೇ ಸೂಜಿಗೆ ಆರಾಮ" ಎನ್ನುವುದೂ ಹೀಗೇ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಇಳಿಯುವುದು ನಿಜ, ಆದರೆ ಶುಗರ್ ಇದ್ದವರಿಗೆ ಅದು ಏರುವುದೂ ನಿಜ.

ಎದೆನೋವನ್ನು ಗ್ಯಾಸ್ ಎಂದು ಬಿಡುವುದು ಇನ್ನೊಂದು ಅಪಾಯ. 2023ರಲ್ಲಿ ರಾಜ್ಯ ತಂದ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ತಂಡದ ಬಲಕ್ಕೆ ಒಳ್ಳೆಯ ಉದಾಹರಣೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದ ಹೃದ್ರೋಗ ತಜ್ಞರು ಅದನ್ನು ನೋಡುತ್ತಾರೆ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲಿಯೇ ಉಚಿತ.

ಕಾನೂನು ಏನು ಹೇಳುತ್ತದೆ?

ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ 1 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಾಜ್ಯದ ಖಾಸಗಿ ಕ್ಲಿನಿಕ್‌ಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಬೇಕು.

ಇಲ್ಲೊಂದು ಗೊಂದಲವಿದೆ. ನಮ್ಮ ಕಡೆ ಓದಿಲ್ಲದೆ ಚಿಕಿತ್ಸೆ ಕೊಡುವವರನ್ನು "ಆರ್‌ಎಂಪಿ ಡಾಕ್ಟರ್" ಎನ್ನುತ್ತಾರೆ. ಆ ಮೂರಕ್ಷರದ ಅರ್ಥ "ನೋಂದಾಯಿತ ವೈದ್ಯ". ನೋಂದಣಿಯೇ ಇಲ್ಲದವರಿಗೆ ಆ ಹೆಸರು ಅಂಟಿಕೊಂಡಿದೆ! ಇನ್ನು ಆಯುರ್ವೇದ, ಹೋಮಿಯೋಪಥಿ ಪದವೀಧರರು ನಕಲಿಗಳಲ್ಲ, ತಮ್ಮ ತಮ್ಮ ಪದ್ಧತಿಯಲ್ಲಿ ನೋಂದಾಯಿತರು.

ಗೊಂದಲ ನಮ್ಮಲ್ಲಷ್ಟೇ ಇಲ್ಲ. ಬ್ರಿಟನ್ನಿನಲ್ಲಿ "ಫಿಜಿಷಿಯನ್ ಅಸೋಸಿಯೇಟ್" ಎಂಬ ಸಿಬ್ಬಂದಿಯನ್ನು ರೋಗಿಗಳು ಡಾಕ್ಟರ್ ಎಂದೇ ತಿಳಿಯುವಂತಾಗಿ, ಹೆಸರನ್ನು "ಫಿಜಿಷಿಯನ್ ಅಸಿಸ್ಟೆಂಟ್" ಎಂದು ಬದಲಿಸಿ ಎಂದು 2025ರಲ್ಲಿ ಸರ್ಕಾರ ಮಾಡಿಸಿದ ಪರಿಶೀಲನೆಯೇ ಹೇಳಿತು. ಸಹಾಯಕರು ಬೇಕು, ಆದರೆ ಅವರು ಸಹಾಯಕರು ಎಂಬುದು ರೋಗಿಗೆ ಗೊತ್ತಿರಬೇಕು.

ಹಾಗಾದರೆ ಏನು ಕೇಳಬೇಕು?

ಸಂಕೋಚ ಬೇಡ, ಜಗಳವೂ ಬೇಡ. ಮೂರು ಪ್ರಶ್ನೆ ಸಾಕು.

1. "ನೀವು ಡಾಕ್ಟರಾ, ಸಿಸ್ಟರಾ? ನಿಮ್ಮ ನೋಂದಣಿ ಯಾವುದು?"
2. "ಈ ಔಷಧಿ ಬರೆದವರು ಯಾರು? ಚೀಟಿ ಕೊಡುತ್ತೀರಾ?"
3. "ಕಮ್ಮಿ ಆಗದಿದ್ದರೆ ಯಾವಾಗ, ಎಲ್ಲಿಗೆ ಹೋಗಬೇಕು?"

ಮೂರನೆಯದೇ ಮುಖ್ಯ. ತಂಡದಲ್ಲಿರುವವರಿಗೆ ತಮ್ಮ ಗೆರೆ ಗೊತ್ತಿರುತ್ತದೆ, ಮುಂದಿನ ದವಾಖಾನೆಯ ಹೆಸರನ್ನು ಅವರೇ ಹೇಳುತ್ತಾರೆ. ಚೀಟಿ ಇಲ್ಲ, ಔಷಧಿಯ ಹೆಸರಿಲ್ಲ, "ಎಲ್ಲಿಗೂ ಹೋಗಬೇಡಿ, ನಾನಿದ್ದೀನಿ" ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮುಂದಿನ ಸಲ "ಡಾಕ್ಟರಿಲ್ಲದ ಉಪಕೇಂದ್ರಕ್ಕೆ ಹೋಗಬೇಡಿ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು ನಿಮ್ಮೂರ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಸ್ಟರ್ ಇವರ ಫೋನ್ ನಂಬರುಗಳನ್ನು ಕೇಳಿ ಪಡೆದು, 108ರ ಜೊತೆ ಮನೆಯವರೆಲ್ಲರ ಮೊಬೈಲ್‌ನಲ್ಲಿ ಉಳಿಸಿಡಿ.